ಬ್ರೇಕ್ ಮೇಷ್ಟ್ರ ಸ್ವಂತ ಗಾಡಿ

ವೀರರ ಬಲಗೈಯನ್ನು ಹಾಡಿ ಹೊಗಳಿದವರು ಬೇಕಾದಷ್ಟು ಜನ. ಬಲಗಾಲಿಗೆ ಮಾತ್ರ ಲೋಕ ಯಾವತ್ತೂ ನ್ಯಾಯ ಒದಗಿಸಿಲ್ಲ. ಆದ್ದರಿಂದ ಈ ಕಥೆ ಒಂದು ಬಲಗಾಲಿನಿಂದಲೇ ಶುರುವಾಗುತ್ತದೆ.

ಅದು ಡ್ರೈವಿಂಗ್ ಶಾಲೆಯ ಮೇಷ್ಟ್ರೊಬ್ಬರ ಕಾಲು. ಕಲಿಯುವವರು ಸ್ಟಿಯರಿಂಗ್ ಹಿಡಿದು ಲೋಕಸಂಹಾರಕ್ಕೆ ಹೊರಟರೆ, ಪಕ್ಕದ ಸೀಟಿನಲ್ಲಿ ಮೇಷ್ಟ್ರಿಗೆಂದೇ ಹಾಕಿಸಿದ ಎರಡನೇ ಬ್ರೇಕ್ ಪೆಡಲ್ಲಿನ ಮೇಲೆ ಕೂತು ಲೋಕವನ್ನು ಕಾಪಾಡುವುದು ಅದರ ಕೆಲಸ. ಇಪ್ಪತ್ತೇಳು ವರ್ಷ ಕಾಪಾಡಿತು. ಅದರ ದಯೆಯಿಂದ ಇವತ್ತಿಗೂ ಉಸಿರಾಡುತ್ತಿರುವವರಲ್ಲಿ ಲೆಕ್ಕವಿಲ್ಲದಷ್ಟು ನಾಯಿಗಳು, ಇಬ್ಬರು ಪೋಸ್ಟ್‌ಮ್ಯಾನ್‌ಗಳು ಮತ್ತು ಒಬ್ಬ ಜಡ್ಜ್ ಸಾಹೇಬರು ಸೇರಿದ್ದಾರೆ. ಜಡ್ಜ್ ಸಾಹೇಬರ ಮೇಲೆ ಗಾಡಿ ಹತ್ತಿಸಲು ಹೊರಟಿದ್ದವರು ಅವರ ಸ್ವಂತ ಹೆಂಡತಿಯೇ. ಅದು ತಪ್ಪೋ ತೀರ್ಪೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಜನ ಅವರನ್ನು ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಆ ಕಾಲಿಗೆ ರಜೆ ಎಂಬುದೇ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಬುಡಕ್ಕೆ ಬ್ರೇಕ್ ಹಾಕುತ್ತಿತ್ತು. ಕ್ಷೌರದಂಗಡಿಯಲ್ಲಿ ಕತ್ತರಿ ಕಿವಿಯ ಹತ್ತಿರ ಬಂದರೆ ಹಾಕುತ್ತಿತ್ತು. ಮನೆಯಲ್ಲಿ ಹೆಂಡತಿ ಮಾತು ಶುರುಮಾಡಿದಾಗಲೂ ಹಾಕುತ್ತಿತ್ತು, ಆದರೆ ಅಲ್ಲಿ ಅದು ಹಿಡಿದ ದಾಖಲೆ ಇಲ್ಲ. ಹೆಂಡತಿ ಬೇಕರಿಯಲ್ಲಿ ಬ್ರೆಡ್ ಹೋಳು ಮಾಡುವ ಯಂತ್ರದ ಮುಂದೆ ನಿಲ್ಲುವವರು. ಹೋಳು ಮಾಡುವ ಅಭ್ಯಾಸವನ್ನು ಅವರು ಕೆಲಸದ ಜಾಗದಲ್ಲೇ ಬಿಟ್ಟು ಬರುತ್ತಿರಲಿಲ್ಲ.

ಇಂಥ ಮೇಷ್ಟ್ರು ತಾವಾಗಿ ಗಾಡಿ ಓಡಿಸಿದ್ದು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಶಾಲೆಯ ಯಜಮಾನ ಬೆಳಗ್ಗೆ ತಾನೇ ಕಾರು ತಂದು ನಿಲ್ಲಿಸಿ, ಸಂಜೆ ತಾನೇ ಕೀ ಜೇಬಿಗಿಳಿಸಿಕೊಂಡು ಹೋಗುವವನು. ನಡುವಿನ ಹೊತ್ತೆಲ್ಲ ಸ್ಟಿಯರಿಂಗ್ ಕಲಿಯುವವರ ಕೈಯಲ್ಲಿ. ಮೇಷ್ಟ್ರು ಸೈಕಲ್ಲಿನಲ್ಲಿ ಬಂದು ಸೈಕಲ್ಲಿನಲ್ಲೇ ಹೋಗುತ್ತಿದ್ದರು. ಸಾವಿರಾರು ಜನರನ್ನು ರಸ್ತೆಗೆ ಬಿಟ್ಟ ಮಹಾನುಭಾವ ಆ ರಸ್ತೆಯ ಅಂಚಿನಲ್ಲಿ ಗಂಟೆ ಬಾರಿಸಿಕೊಂಡು ಹೋಗುವುದನ್ನು ಶಿಷ್ಯರೆಲ್ಲ ಕಾರಿನ ಕಿಟಕಿ ಇಳಿಸಿ ನೋಡಿ ನಮಸ್ಕಾರ ಹಾಕುತ್ತಿದ್ದರು.

ಒಂದು ದಿನ ಆ ಕಾಲು ಕೈಕೊಟ್ಟಿತು. ಸೈಕಲ್ ಸವಾರನೊಬ್ಬ ಪಕ್ಕದ ಓಣಿಯಿಂದ ನುಗ್ಗಿದ. ಕಾರು ಓಡಿಸುತ್ತಿದ್ದ ಹುಡುಗಿ ಕಿರುಚಿ, ಎರಡೂ ಕಣ್ಣು ಮುಚ್ಚಿ, ಹೇಗೋ ತಾನೇ ಬ್ರೇಕ್ ತುಳಿದಳು. ಸೈಕಲ್ಲಿನವನು ಇಳಿದು ಮೂರು ತಲೆಮಾರಿನ ತನಕ ಬೈದ. ಮೇಷ್ಟ್ರು ಕೂತಲ್ಲೇ ಕೂತಿದ್ದರು. ಬೈಗುಳದಿಂದ ಅಲ್ಲ. ಅವನು ಬಂದದ್ದೇ ಅವರಿಗೆ ಕಂಡಿರಲಿಲ್ಲ.

ಕಣ್ಣಿನ ಡಾಕ್ಟರು ಯಂತ್ರಕ್ಕೆ ಗಲ್ಲ ಒತ್ತಿಸಿ, ಚುಕ್ಕೆ ತೋರಿಸಿ, ಕೊನೆಗೆ ಕಾಗದದ ಮೇಲೆ ಒಂದು ಸಣ್ಣ ವೃತ್ತ ಬರೆದರು.

"ಕಣ್ಣೊಳಗಿನ ಒತ್ತಡ ಏರಿ ನರ ಹಾಳಾಗಿದೆ. ನೀವೀಗ ನೋಡ್ತಿರೋದು ಇಷ್ಟೇ. ಪಕ್ಕದ್ದೆಲ್ಲ ಹೋಗಿದೆ."

"ಪಕ್ಕದಲ್ಲೇ ಅಲ್ವಾ ಸಾರ್ ನನ್ನ ಕೆಲಸ?" ಎಂದರು ಮೇಷ್ಟ್ರು.

"ಇನ್ನು ಆ ಕೆಲಸ ಬೇಡ. ಲೈಸೆನ್ಸಿಗೆ ನಾನು ಸಹಿ ಹಾಕಲ್ಲ. ತುಂಬಾ ತಡವಾಗಿ ಬಂದಿದ್ದೀರಿ. ಡ್ರಾಪ್ಸ್ ಹಾಕಿದ್ರೆ ಆರು ತಿಂಗಳೋ ಎಂಟು ತಿಂಗಳೋ ತಡೆದೀತು. ಆಮೇಲೆ ಬೆಳಕು ಗೊತ್ತಾಗುತ್ತೆ, ದಾರಿ ಗೊತ್ತಾಗಲ್ಲ."

ಯಜಮಾನ ಮೇಷ್ಟ್ರನ್ನು ಗೌರವದಿಂದಲೇ ಮನೆಗೆ ಕಳಿಸಿದ. ಚಹಾ ತರಿಸಿದ. ಎರಡು ಒಳ್ಳೆಯ ಮಾತಾಡಿದ. ನೆನಪಿಗಿರಲಿ ಎಂದು ಗುಜರಿಗೆ ಹೋದ ಮೊದಲ ಕಾರಿನ ಸ್ಟಿಯರಿಂಗನ್ನು ಕಾಗದ ಸುತ್ತಿ ಕೊಟ್ಟ. ಇಪ್ಪತ್ತೇಳು ವರ್ಷ ಯಾವುದನ್ನು ಮುಟ್ಟಲು ಬಿಡಲಿಲ್ಲವೋ ಅದನ್ನು, ಕಾರು ಕಳೆದು, ಕಣ್ಣು ಕಳೆದು, ಕೈಗೆ ಕೊಟ್ಟಂತಾಯಿತು. ಮೇಷ್ಟ್ರು ಅದನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಸೈಕಲ್ಲನ್ನು ತಳ್ಳಿಕೊಂಡೇ ಮನೆಗೆ ಬಂದರು.

"ಇದನ್ನ ಎಲ್ಲಿಡಲಿ ರೀ? ಗೋಡೆಗೆ ಹೊಡೆದ್ರೆ ಗಡಿಯಾರ ಅನ್ಕೊಂಡು ಬಂದವರೆಲ್ಲ ಟೈಮ್ ಕೇಳ್ತಾರೆ," ಎಂದರು ಹೆಂಡತಿ.

ಮೇಷ್ಟ್ರು ಕುರ್ಚಿಯಲ್ಲಿ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡರು. ಸಂಜೆಯವರೆಗೂ ಕೂತಿದ್ದರು. ಆಮೇಲೆ, "ಒಂದು ಸುತ್ತು," ಎಂದರು.

"ಏನು ಒಂದು ಸುತ್ತು?"

"ಒಂದು ಸುತ್ತು ಓಡಿಸ್ಬೇಕು ಕಣೇ. ನಾನೇ. ಪಕ್ಕದಲ್ಲಿ ಯಾರೂ ಇರಬಾರದು. ಹೊರಟ ಜಾಗಕ್ಕೆ ವಾಪಸ್ ಬಂದು ನಿಲ್ಲಿಸ್ಬೇಕು. ಕಣ್ಣು ಹೋಗೋದ್ರೊಳಗೆ."

ಹೆಂಡತಿಗೆ ಒಂದು ಒಳ್ಳೆಯ ಚುಚ್ಚುಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡರು. ಅವರ ಸಂಸಾರದ ಇತಿಹಾಸದಲ್ಲಿ ಹಾಗೆ ನುಂಗಿದ್ದು ಅದೇ ಮೊದಲು.

ಇದಕ್ಕೆ ದಾರಿ ತೋರಿಸಿದವನ ಹೆಸರು ನಾಲ್ಕನೇ ಸಲ. ಮೇಷ್ಟ್ರ ಹಳೆಯ ಶಿಷ್ಯ, ಕಸುಬಿನಲ್ಲಿ ವೆಲ್ಡರ್. ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದು ನಾಲ್ಕನೇ ಸಲ ಪಾಸಾದ ದಿನ ಮೇಷ್ಟ್ರು ಇಟ್ಟ ಆ ಹೆಸರು ಅವನಿಗೆ ಅಂಟಿಕೊಂಡಿತು. ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಅಂಗಳದ ಅಂಚಿಗೆ ಅವನ ತಗಡಿನ ಶೆಡ್ಡು. ಅವನು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಬಾಗಿಲಿಲ್ಲದ, ಚಾವಣಿಯಿಲ್ಲದ, ನೆಲಕ್ಕೆ ಹೊಟ್ಟೆ ತಾಗುವಂಥ ಗಾಡಿಗಳಲ್ಲಿ ಗಡ್ಡ ಬಂದ ಗಂಡಸರು ಕೂತು ಸುತ್ತು ಹೊಡೆಯುತ್ತಿದ್ದರು.

"ಗೋ-ಕಾರ್ಟ್ ಅಂತಾರೆ ಮೇಷ್ಟ್ರೇ. ರಸ್ತೆಗಿಳಿಸದೇ ಇದ್ರೆ ಲೈಸೆನ್ಸ್ ಗಿಯ್ಸೆನ್ಸ್ ಯಾರೂ ಕೇಳಲ್ಲ. ಅಂಗಳ ಇದೆ, ನಾನಿದ್ದೀನಿ. ಗುಜರಿ ಸಾಮಾನಲ್ಲೇ ಕಟ್ಟೋಣ."

"ಎಷ್ಟು ದಿನ ಬೇಕು?"

"ಮೂರು ವಾರ."

ಮೇಷ್ಟ್ರ ಹತ್ತಿರ ಆರು ತಿಂಗಳಿತ್ತು. ಹೀಗೆ ಆ ಮಹಾನಿರ್ಮಾಣ ಧಾರಾಳ ಸಮಯದೊಂದಿಗೆ, ಜುಜುಬಿ ದುಡ್ಡಿನೊಂದಿಗೆ ಆರಂಭವಾಯಿತು.

ಸಾಮಗ್ರಿ ಸಂಗ್ರಹವೇ ಒಂದು ದಿಗ್ವಿಜಯ. ಮೇಷ್ಟ್ರ ಮನೆಯ ಕಬ್ಬಿಣದ ಮಂಚ ಎರಡು ತುಂಡಾಗಿ ಚಾಸಿಯಾಯಿತು. ಗಂಡ ಹೆಂಡತಿ ಹಾಸಿಗೆಯನ್ನು ನೆಲಕ್ಕಿಳಿಸಿದರು. ಪ್ಲಾಸ್ಟಿಕ್ ಕುರ್ಚಿಯೊಂದರ ನಾಲ್ಕೂ ಕಾಲು ಕತ್ತರಿಸಿದ್ದು ಸೀಟು. ಸ್ಟಿಯರಿಂಗ್ ಯಜಮಾನ ಕೊಟ್ಟದ್ದೇ. ಚೈನು ಸತ್ತ ಮೊಪೆಡ್ಡಿನದು. ನೀರೆತ್ತುವ ಸಣ್ಣ ಪಂಪಿನಿಂದ ಕಳಚಿದ್ದು ಎಂಜಿನ್. ಅದರ ವೇಗ ಹೆಚ್ಚು ಕಡಿಮೆ ಮಾಡಲು ಕೈಗೆ ಸಿಗುವಂತೆ ಒಂದು ಕಡ್ಡಿ. ಚಕ್ರಗಳು ಮಣ್ಣು ಹೊರುವ ಕೈಗಾಡಿಗಳವು, ನಾಲ್ಕಕ್ಕೂ ತಂದೆ ಬೇರೆ ತಾಯಿ ಬೇರೆ.

ಗೆರೆ ಎಳೆಯುವ ದಿನ ಮೇಷ್ಟ್ರು ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗಾಡಿ ಬರೆದರು. ನಾಲ್ಕನೇ ಸಲ ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಮೇಷ್ಟ್ರೇ, ಎರಡು ಸೀಟು ಬರೆದಿದ್ದೀರಿ."

"ಹೌದು."

"ಒಬ್ಬರೇ ಓಡಿಸ್ಬೇಕು ಅಂದ್ರಿ."

"ಒಬ್ಬನೇ. ಪಕ್ಕದ್ದು ಖಾಲಿ ಇರುತ್ತೆ."

"ಖಾಲಿ ಸೀಟಿನ ಮುಂದೆ ಇದೇನಿದು ಸೌಟಿನ ಥರ?"

"ಬ್ರೇಕ್."

ನಾಲ್ಕನೇ ಸಲ ಸೀಮೆಸುಣ್ಣದ ಪೆಡಲ್ಲನ್ನು ಕಾಲಿನಿಂದ ಒತ್ತಿ ನೋಡಿದ. "ಖಾಲಿ ಸೀಟಿಗೆ ಬ್ರೇಕ್ ಯಾಕೆ ಮೇಷ್ಟ್ರೇ? ಯಾರು ತುಳೀತಾರೆ? ನಿಮ್ಮ ಆತ್ಮವಾ?"

"ಪಕ್ಕದಲ್ಲಿ ಬ್ರೇಕ್ ಇಲ್ಲದ ಗಾಡಿ ನಾನು ಹತ್ತಲ್ಲ," ಎಂದರು ಮೇಷ್ಟ್ರು. "ಪರೀಕ್ಷೇಲಿ ಮೂರು ಸಲ ಗೋಡೆಗೆ ಗುದ್ದಿದವನು ನೀನು. ನನಗೆ ಹೇಳಿಕೊಡ್ಬೇಡ."

ವೆಲ್ಡರ್ ಸೋತ. ಮೇಷ್ಟ್ರ ಶಾಸ್ತ್ರದ ಪ್ರಕಾರ ಗಾಡಿ ಮೊದಲು ನಿಲ್ಲುವುದನ್ನು ಕಲಿಯಬೇಕು, ಹೋಗುವುದು ಆಮೇಲೆ. ಹಾಗಾಗಿ ಎಂಜಿನ್ ಮೂಲೆಯಲ್ಲಿ ಗೋಣಿತಾಟು ಹೊದ್ದು ಮಲಗಿತು. ಚಾಲಕನ ಕಾಲಿಗೆ ಒಂದು ಬ್ರೇಕು, ಕೈಗೊಂದು, ಖಾಲಿ ಸೀಟಿಗೊಂದು. ಮೂರೂ ಹಿಡಿಯಬೇಕು, ಹಿಡಿದರೆ ಎಡಕ್ಕೂ ಬಲಕ್ಕೂ ಸಮನಾಗಿ ಹಿಡಿಯಬೇಕು. ದಿನಾ ನಾಲ್ಕನೇ ಸಲ ಎಂಜಿನ್ ಇಲ್ಲದ ಗಾಡಿಯನ್ನು ಅಂಗಳದ ಇಳಿಜಾರಿನಲ್ಲಿ ತಳ್ಳುವುದು, ಅದು ನಿಲ್ಲುವುದು, ಮೇಷ್ಟ್ರು ಇಳಿದು ನೆಲಕ್ಕೆ ಮುಖ ತಾಗಿಸಿ ಚಕ್ರದ ಗುರುತು ನೋಡಿ "ಊಹೂಂ" ಎನ್ನುವುದು. ಒಂದು ತಿಂಗಳು ಹೋಯಿತು. ಎರಡಾಯಿತು. ಆ ಗಾಡಿಯಷ್ಟು ಚೆನ್ನಾಗಿ ನಿಲ್ಲುವ ಗಾಡಿ ಆಗ ಭೂಮಂಡಲದಲ್ಲೇ ಇರಲಿಲ್ಲ. ಅದಕ್ಕೆ ಗೊತ್ತಿದ್ದದ್ದೂ ಅದೊಂದೇ.

ಎಂಜಿನ್ ಕೂರಿಸಿದ ದಿನ ಅದು ಕೆಮ್ಮಿತು, ಗುಡುಗಿತು, ನಡುಗಿತು. ಗಾಡಿ ಜಪ್ಪಯ್ಯ ಅನ್ನಲಿಲ್ಲ. ಎರಡು ಸೀಟು, ಮೂರು ಬ್ರೇಕು, ಒಂದು ಮಂಚ ಎಳೆಯುವ ತಾಕತ್ತು ಆ ಪಂಪಿಗೆ ಇರಲಿಲ್ಲ.

"ಪಕ್ಕದ ಸೀಟು ಕಿತ್ತುಹಾಕೋಣ ಮೇಷ್ಟ್ರೇ. ಕಾಲಿಗೆ ಬೀಳ್ತೀನಿ."

"ಎಂಜಿನ್ ದೊಡ್ಡದು ಹುಡುಕು."

ದೊಡ್ಡ ಎಂಜಿನ್ ಹುಡುಕಲು, ಹಾಳಾಗಿದ್ದ ಅದನ್ನು ಬಿಚ್ಚಿ ತೊಳೆದು ಕೂಡಿಸಲು ಮತ್ತೆ ಮೂರ್ನಾಲ್ಕು ತಿಂಗಳು.

ಅತ್ತ ಕಣ್ಣು ಯಾರಿಗೂ ಕಾಯುತ್ತಿರಲಿಲ್ಲ. ದಿನಾ ಸಂಜೆ ಹೆಂಡತಿ ಡ್ರಾಪ್ಸ್ ಹಾಕುವಾಗ ಮೇಷ್ಟ್ರು ವರದಿ ಒಪ್ಪಿಸುತ್ತಿದ್ದರು. ಮೊದಮೊದಲು, "ನಿನ್ನ ಎರಡೂ ಕಿವಿ ಕಾಣ್ತಿದೆ." ಆಮೇಲೆ, "ಓಲೆ ಹಾಕ್ಕೊಂಡಿದ್ದೀಯಾ ಇಲ್ವಾ ಗೊತ್ತಾಗ್ತಿಲ್ಲ." ಆಮೇಲೆ ಒಂದು ದಿನ, "ಬರೀ ಮೂಗು ಕಾಣ್ತಿದೆ ಕಣೇ."

"ಕಣ್ಣು ನೆಟ್ಟಗಿರೋರಿಗೂ ಮೊದಲು ಕಾಣೋದು ಅದೇ ರೀ," ಎಂದರು ಹೆಂಡತಿ. ಹೇಳಿ, ಡ್ರಾಪ್ಸಿನ ಬಾಟಲಿಯ ಮುಚ್ಚಳವನ್ನು ಬಹಳ ಹೊತ್ತು ತಿರುಗಿಸುತ್ತಲೇ ಇದ್ದರು.

ಶೆಡ್ಡಿನಲ್ಲಿ ಮೇಷ್ಟ್ರು ಬೋಲ್ಟು ಬೀಳಿಸಿದರೆ ನಾಲ್ಕನೇ ಸಲ ಸದ್ದಿಲ್ಲದೆ ಎತ್ತಿ ಅವರ ಕೈಯ ಹತ್ತಿರ ಇಡುತ್ತಿದ್ದ. ಮೇಷ್ಟ್ರಿಗೂ ಅದು ಗೊತ್ತಿತ್ತು. "ಇಲ್ಲೇ ಇತ್ತು ನೋಡು," ಎಂದು ಗದರುತ್ತಿದ್ದರು. ಐದನೇ ತಿಂಗಳಲ್ಲಿ ಅವರು ಸೀಮೆಸುಣ್ಣ ಮುಟ್ಟುವುದನ್ನು ಬಿಟ್ಟರು. ಆರನೆಯದರಲ್ಲಿ ಸೈಕಲ್ಲನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟರು.

ಗಾಡಿ ಹೊರಡುವಂತಾದದ್ದು ಏಳನೇ ತಿಂಗಳ ಒಂದು ಭಾನುವಾರ, ನೆತ್ತಿಯ ಮೇಲೆ ಬಿಸಿಲು ಸುರಿಯುವಾಗ. ಆ ಹೊತ್ತನ್ನು ಮೇಷ್ಟ್ರೇ ಆರಿಸಿದ್ದರು. ಬೆಳಕು ಎಷ್ಟಿದ್ದರೆ ಅಷ್ಟು ಒಳ್ಳೆಯದು. ಹೆಂಚು ಒಣಗಿಸುತ್ತಿದ್ದ ಅಂಗಳ ಉದ್ದಕ್ಕೆ ಸುಮಾರು ಇನ್ನೂರು ಹೆಜ್ಜೆ. ಎದುರು ತುದಿಯಲ್ಲಿ ಬರೀ ಇಟ್ಟಿಗೆಯ ಗೋಡೆ. ಶೆಡ್ಡಿನ ಕಡೆ ಗಾರೆ ಮಾಡಿದ ಬಿಳಿ ಗೋಡೆ, ಅದೇ ಹೊರಡುವ ಜಾಗ. ಅಲ್ಲಿಂದ ಆ ತುದಿಗೆ ಹೋಗಿ, ಚಿಮಣಿಯ ಹತ್ತಿರ ಬಲಕ್ಕೆ ಬಳಸಿ, ವಾಪಸ್ ಬಿಳಿ ಗೋಡೆಗೆ. ಅಷ್ಟೇ. ಒಂದು ಸುತ್ತು.

ಹೆಂಡತಿ ಬೇಕರಿಯ ಏಪ್ರನ್ನಿನಲ್ಲೇ ಬಂದಿದ್ದರು. ಮೇಷ್ಟ್ರು ಇಸ್ತ್ರಿ ಮಾಡಿದ ಶರ್ಟು ಹಾಕಿ, ಕೂದಲಿಗೆ ನೀರು ಹಚ್ಚಿ ಬಾಚಿ, ಕತ್ತರಿಸಿದ ಕುರ್ಚಿಯಲ್ಲಿ ಪಟ್ಟಾಭಿಷೇಕಕ್ಕೆ ಕೂತಂತೆ ಕೂತರು. ನಾಲ್ಕನೇ ಸಲ ಹಗ್ಗ ಎಳೆದ. ಎಂಜಿನ್ ಆರ್ಭಟಿಸಿತು. ಚಿಮಣಿಯ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು.

ಗಾಡಿ ಎಂಟು ಹೆಜ್ಜೆ ಹೋಗಿ ನಿಂತಿತು.

"ಏನಾಯ್ತು?" ಎಂದ ನಾಲ್ಕನೇ ಸಲ.

"ಏನಿಲ್ಲ. ಕಾಲು."

ಮತ್ತೆ ಹೊರಟಿತು. ಆರು ಹೆಜ್ಜೆಗೆ ನಿಂತಿತು. ಮತ್ತೆ ಹತ್ತು ಹೆಜ್ಜೆ. ನೆರಳು ಅಡ್ಡ ಬಂದರೆ ಕಾಲು ತುಳಿಯುತ್ತಿತ್ತು. ಬಾರದಿದ್ದರೆ, ಬಂದೀತು ಎಂದು ತುಳಿಯುತ್ತಿತ್ತು. ಹಾಗೆ ಕುಪ್ಪಳಿಸುತ್ತ ಹೋಗುವ ಗಾಡಿಯನ್ನು ಹೆಂಡತಿ ಚೀಲ ಹಿಡಿದುಕೊಂಡು ನಡೆದೇ ಹಿಂದೆ ಹಾಕಿದರು.

"ರೀ, ನಾನು ಮುಂದೆ ಹೋಗಿ ನಿಮಗೆ ಚಹಾ ಮಾಡಿಟ್ಟಿರ್ಲಾ?"

"ಸುಮ್ನಿರೇ!"

ನಾಲ್ಕನೇ ಸಲ ಓಡಿಬಂದು ಖಾಲಿ ಸೀಟಿನ ಮೇಲೆ ಕೈಯಿಟ್ಟ. "ನಾನು ಪಕ್ಕದಲ್ಲಿ ಕೂತ್ಕೊಳ್ಲಾ ಮೇಷ್ಟ್ರೇ? ಬ್ರೇಕ್ ನಾನು ನೋಡ್ಕೊಳ್ತೀನಿ. ನಿಮ್ಮ ಕಾಲಿಗೆ ಧೈರ್ಯ ಬರುತ್ತೆ."

"ಕೈ ತೆಗಿ," ಎಂದರು ಮೇಷ್ಟ್ರು. ಬೆವರು ಒರೆಸಿಕೊಂಡರು. ಗಾಡಿಯನ್ನು ಬಿಳಿ ಗೋಡೆಯ ಹತ್ತಿರಕ್ಕೆ ವಾಪಸ್ ತಳ್ಳಿಸಿದರು. ಆಮೇಲೆ, ಇಪ್ಪತ್ತೇಳು ವರ್ಷದ ಲೋಕರಕ್ಷಕನಿಗೆ ಮಾಡಬಾರದ ಅವಮಾನ ಮಾಡಿದರು. ಬಲಗಾಲನ್ನು ಎತ್ತಿ, ಮಡಚಿ, ಕುಂಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತರು. ನಿಲ್ಲಿಸಬೇಕಾದರೆ ಕೈಬ್ರೇಕ್ ಇತ್ತು.

"ಎಳಿ ಹಗ್ಗ."

ಈ ಸಲ ಗಾಡಿ ನಿಲ್ಲಲಿಲ್ಲ.

ಹತ್ತು ಹೆಜ್ಜೆ ದಾಟಿತು, ಇಪ್ಪತ್ತು, ಐವತ್ತು. ಮೇಷ್ಟ್ರು ಎಂಜಿನ್ನಿನ ಕಡ್ಡಿಯನ್ನು ಪೂರ್ತಿ ಎಳೆದರು. ಬೇರೆ ಬೇರೆ ವಂಶದ ನಾಲ್ಕು ಚಕ್ರಗಳು ಹಳೆಯ ಹೆಂಚಿನ ಚೂರುಗಳನ್ನು ಪುಡಿಮಾಡುತ್ತ ಉರುಳಿದವು. ಖಾಲಿ ಸೀಟು ಅವರ ಪಕ್ಕದಲ್ಲಿ ಗಡಗಡ ಕುಣಿಯಿತು. ಶರ್ಟು ಬೆನ್ನ ಹಿಂದೆ ಉಬ್ಬಿತು. ಅವರು ಏನೋ ಕೂಗುತ್ತಿದ್ದರು. ಎಂಜಿನ್ ಸದ್ದಿನಲ್ಲಿ ಅದು ಮಾತೋ ನಗುವೋ ತಿಳಿಯಲಿಲ್ಲ. ಕೈಗಳು ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸುತ್ತಲೇ ಇದ್ದವು. ನಾಲ್ಕನೇ ಸಲ ಹುಚ್ಚನಂತೆ ಚಪ್ಪಾಳೆ ತಟ್ಟುತ್ತಿದ್ದವನು ಚಿಮಣಿ ಹತ್ತಿರವಾದಂತೆ ತಟ್ಟುವುದನ್ನು ನಿಲ್ಲಿಸಿದ.

ಗಾಡಿ ಚಿಮಣಿಯನ್ನು ದಾಟಿತು. ತಿರುಗಲಿಲ್ಲ. ನೇರವಾಗಿ ಹೋಗಿ, ಎದುರಿನ ಗೋಡೆಗೆ ಒಂದು ಮೊಳ ಇರುವಾಗ ಕೈಬ್ರೇಕಿಗೆ ಕಚ್ಚಿಕೊಂಡು ನಿಂತಿತು.

ಹೆಂಡತಿ ಓಡಿದರು. ಬ್ರೆಡ್ಡಿನ ಯಂತ್ರದ ಮುಂದೆ ನಿಂತು ನಿಂತು ಊದಿದ ಕಾಲುಗಳಲ್ಲಿ ಎಷ್ಟು ಓಡಲು ಸಾಧ್ಯವೋ ಅಷ್ಟು ಓಡಿದರು. ನಾಲ್ಕನೇ ಸಲ ಅವರಿಗಿಂತ ಮೊದಲು ತಲುಪಿ ಎಂಜಿನ್ ಆಫ್ ಮಾಡಿದ. ಮೇಷ್ಟ್ರು ಆಗಲೇ ಗಾಡಿಯಿಂದಿಳಿದು, ಜೋಮು ಹಿಡಿದ ಕಾಲಿನ ಮೇಲೆ ಒಂದು ಕಡೆ ವಾಲಿ ನಿಂತಿದ್ದರು. ಮುಖವೆಲ್ಲ ಹಲ್ಲು.

"ಬಂದ್ನಲ್ಲೋ! ಗೋಡೆ ಕಂಡ ತಕ್ಷಣ ಹಿಡಿದೆ. ಸುತ್ತು ಎಷ್ಟು ನಿಮಿಷ ಆಯ್ತು? ತಿರುವು ಹೇಗಿತ್ತು? ಕೈ ನೋವು ಬರೋವಷ್ಟು ತಿರುಗಿಸಿದೆ!"

ನಾಲ್ಕನೇ ಸಲ ಬಗ್ಗಿ ಚಕ್ರ ನೋಡಿದ. ಮುಂದಿನ ಎರಡು ಚಕ್ರಗಳಲ್ಲಿ ಎಡಗಡೆಯದು ಸ್ವಲ್ಪ ಚಿಕ್ಕದು. ಗಾಡಿ ಎಡಕ್ಕೆ ಎಳೆಯುತ್ತಿತ್ತು. ಅದನ್ನು ನೇರ ಹಿಡಿಯುವುದಕ್ಕೇ ಸ್ಟಿಯರಿಂಗು ಬಲಕ್ಕೆ ತಿರುಗಿ ನಿಲ್ಲಬೇಕಾಗಿತ್ತು. ಮೇಷ್ಟ್ರ ಕೈಗಳು ಬಲಕ್ಕೆ ತಿರುಗಿದ್ದು ನಿಜ. ಗಾಡಿ ತಿರುಗಿರಲಿಲ್ಲ. ಎಳೆದ ಗೆರೆಯಂತೆ ಅಂಗಳದ ಈ ತುದಿಯಿಂದ ಆ ತುದಿಗೆ ಹೋಗಿತ್ತು, ಅಷ್ಟೇ.

ವೆಲ್ಡರ್ ತಲೆಯೆತ್ತಿ ಮೇಷ್ಟ್ರ ಹೆಂಡತಿಯ ಮುಖ ನೋಡಿದ. ಹೇಳಬೇಡಿ ಎಂದು ಕೈಯಾಡಿಸಿದ. ಆ ಕೈ ಮೇಷ್ಟ್ರಿಗೆ ಕಾಣುವ ಪೈಕಿಯಲ್ಲ. ಆಮೇಲೆ ದೊಡ್ಡ ದನಿಯಲ್ಲಿ, "ಮೇಷ್ಟ್ರೇ, ಏನು ಸುತ್ತು ಅದು..." ಎಂದು ಶುರುಮಾಡಿದ.

"ರೀ," ಎಂದರು ಹೆಂಡತಿ. ಏದುಸಿರು ಬರುತ್ತಿತ್ತು. "ಗೋಡೆ ಮುಟ್ಟಿ ನೋಡಿ."

ಮೇಷ್ಟ್ರು ಕೈ ಚಾಚಿದರು. ಬಿಸಿಲಿಗೆ ಕಾದ, ಗಾರೆ ಕಾಣದ ಇಟ್ಟಿಗೆ. ಬೆರಳು ಒಂದು ಸಂದಿಗೆ ಇಳಿಯಿತು, ಪಕ್ಕದ ಸಂದಿಗೆ ಇಳಿಯಿತು. ಅಂಗೈಯನ್ನು ಪೂರ್ತಿ ಅಗಲಿಸಿ ಒತ್ತಿದರು. ಎಷ್ಟೋ ಹೊತ್ತಿನ ನಂತರ ತೆಗೆದರು.

"ಎದುರಿನದು."

"ಹ್ಞೂಂ."

"ತಿರುವು?"

"ತಿರುವು ತಗೊಳ್ಳಲೇ ಇಲ್ಲ ನೀವು."

ನಾಲ್ಕನೇ ಸಲನಿಗೆ ತಡೆಯಲಾಗಲಿಲ್ಲ. "ಅದೇನು ಮಹಾ ವಿಷಯ ಮೇಷ್ಟ್ರೇ! ಚಕ್ರ ಬದಲಾಯಿಸ್ತೀನಿ. ಮುಂದಿನ ಭಾನುವಾರ ಮತ್ತೆ ಹೊಡೀರಿ. ನಾನು ಚಿಮಣಿ ಹತ್ರ ನಿಂತಿರ್ತೀನಿ. ನೀವು ಬಂದ ಕೂಡಲೇ 'ಬಲಕ್ಕೆ' ಅಂತ ಕೂಗ್ತೀನಿ. ಆ ಕಡೆ ಅಮ್ಮಾವ್ರು ನಿಂತ್ಕೊಂಡು ಇನ್ನೊಂದು ಸಲ ಕೂಗ್ತಾರೆ. ಸಲೀಸು!"

ಮೇಷ್ಟ್ರು ಬಿಸಿಲಿಗೆ ಮುಖ ಮಾಡಿ ನಿಂತಿದ್ದರು.

"ನೀನು ಕೂಗಿದ್ರೆ ಓಡಿಸಿದೋನು ನೀನು ಕಣಪ್ಪ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಬಲಕ್ಕೆ, ಎಡಕ್ಕೆ, ನಿಧಾನ, ನಿಲ್ಸು ಅಂತ ಇಪ್ಪತ್ತೇಳು ವರ್ಷ ನಾನೂ ಕೂಗಿದ್ದೀನಿ. ಅವರು ಬರೀ ಕೈಯಾಡಿಸ್ತಿದ್ರು. ಅವರಿಗದು ಗೊತ್ತಿರಲಿಲ್ಲ. ನಂಗೆ ಗೊತ್ತು."

"ಹಾಗಾದ್ರೆ ಕೂಗಲ್ಲ. ಸುಮ್ನೆ ನಿಂತಿರ್ತೀನಿ."

"ಸುಮ್ನೆ ನಿಂತಿದ್ರೆ ನೀನು ನಂಗೆ ಕಾಣಲ್ಲ."

ವೆಲ್ಡರ್ ಗಾಡಿಯನ್ನು ತಿರುಗಿಸಿ, ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ಕೈ ಕೊಟ್ಟು, ಬಿಳಿ ಗೋಡೆಯ ಕಡೆಗೆ ತಳ್ಳತೊಡಗಿದ. ಅದು ಎಡಕ್ಕೆ ಎಳೆಯಿತು. ಅವನು ಬೈದುಕೊಂಡು ಬಲಕ್ಕೆ ದೂಡಿದ.

"ಎಂಜಿನ್ ಬಿಚ್ಚಿ ಯಾರಿಗಾದ್ರೂ ಕೊಟ್ಟುಬಿಡು," ಎಂದರು ಮೇಷ್ಟ್ರು ಹಿಂದಿನಿಂದ. "ಒಳ್ಳೇ ಎಂಜಿನ್. ಅದರದ್ದೇನೂ ತಪ್ಪಿಲ್ಲ."

ಗಾಡಿ ದೂರವಾಯಿತು. ಅದರ ಕಿರುಗುಟ್ಟುವ ಸದ್ದೂ ದೂರವಾಯಿತು. ಪಾರಿವಾಳಗಳು ಒಂದೊಂದಾಗಿ ಚಿಮಣಿಗೆ ಇಳಿದವು. ಹೆಂಡತಿ ಏಪ್ರನ್ನಿನ ತುದಿಯಿಂದ ಅವರ ಕುತ್ತಿಗೆಯ ಬೆವರು ಒರೆಸಿದರು. ಮೇಷ್ಟ್ರು ಒರೆಸಿಸಿಕೊಂಡರು.

"ಎಷ್ಟು ದೂರ ಬಂದೆ ನಾನು?"

"ನೂರಾ ತೊಂಬತ್ತು ಹೆಜ್ಜೆ ಇರಬಹುದು."

"ನಿಲ್ಲಿಸದೆ."

"ಒಂದೇ ಉಸಿರಿಗೆ ಬಂದ್ರಿ. ನಂಗೆ ಜೀವ ಬಾಯಿಗೆ ಬಂತು."

ಅವರು ತಲೆಯಾಡಿಸಿದರು. ಕಾಲಿನ ಜೋಮು ಇಳಿಯಲಿ ಎಂದು ಎರಡು ಸಲ ನೆಲಕ್ಕೆ ಕುಟ್ಟಿದರು. ಆಮೇಲೆ ಮನೆಗೆ ಹೊರಟರು. ಮೊದಲ ಹೆಜ್ಜೆಯೇ ಮುರಿದ ಹೆಂಚುಗಳ ರಾಶಿಯ ಕಡೆಗೆ ಬಿತ್ತು.

"ಬಲಕ್ಕೆ ರೀ," ಎಂದರು ಹೆಂಡತಿ.

ಮೇಷ್ಟ್ರು ತಡೆದು ನಿಂತರು. ಹೆಂಡತಿಯೂ ನಿಂತರು. ಬಿಸಿಲು ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಮೇಷ್ಟ್ರು ಬಲಕ್ಕೆ ತಿರುಗಿದರು.

"ಇನ್ನೂ ಸ್ವಲ್ಪ. ಸಾಕು. ಈಗ ನೇರ."